ಮಾತು ಹಾಡಾಗುವ ಸಂಧಿ: ನೇರಪ್ರಸಾರದ ಸಂಗೀತನಾಟಕದಲ್ಲಿ ಜನಪ್ರಿಯ ಗಾಯಕಿ

2013ರ ಡಿಸೆಂಬರ್ 5ರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಸಂಗೀತನಾಟಕವನ್ನು ನೇರಪ್ರಸಾರ ಮಾಡಿತು. ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನ ಒಂದು ಸ್ಟುಡಿಯೊದಲ್ಲಿ ಪ್ರೇಕ್ಷಕರಿಲ್ಲದೆ ಈ ಪ್ರಯೋಗ ನಡೆಯಿತು. ನಾಯಕಿ ಮಾರಿಯಾಳ ಪಾತ್ರ ಕ್ಯಾರಿ ಅಂಡರ್‌ವುಡ್ ಅವರದು. 2005ರಲ್ಲಿ ‘ಅಮೆರಿಕನ್ ಐಡಲ್’ ಸ್ಪರ್ಧೆಯನ್ನು ಗೆದ್ದು ಕಂಟ್ರಿ ಸಂಗೀತದ ಮುಂಚೂಣಿಗೆ ಬಂದ ಈ ಗಾಯಕಿಗೆ ವೃತ್ತಿರಂಗಭೂಮಿಯ ಅನುಭವವಿರಲಿಲ್ಲ. ಸುಮಾರು 1 ಕೋಟಿ 86 ಲಕ್ಷ ಜನ ಆ ಪ್ರಸಾರವನ್ನು ನೋಡಿದರು. ವಿಮರ್ಶಕರಲ್ಲಿ ಹೆಚ್ಚಿನವರು ಒಂದೇ ತೀರ್ಪನ್ನು ಬೇರೆ ಬೇರೆ ಮಾತುಗಳಲ್ಲಿ ನೀಡಿದರು: ಹಾಡಬಲ್ಲರು, ನಟಿಸಲಾರರು.

ಈ ತೀರ್ಪು ಸುಳ್ಳೆಂದು ಸಾಧಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆದರೆ ಅದು ಅಪೂರ್ಣವಾದುದು. ಸಂಗೀತನಾಟಕದಲ್ಲಿ ಹಾಡುವುದೂ ನಟಿಸುವುದೂ ಎರಡು ಪ್ರತ್ಯೇಕ ಕೆಲಸಗಳೆಂದೂ, ಒಂದರಲ್ಲಿ ಪೂರ್ಣಾಂಕ ಪಡೆದವರು ಮತ್ತೊಂದರಲ್ಲಿ ಸೋಲಬಹುದೆಂದೂ ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಈ ಪ್ರಕಾರದ ತಿರುಳಿರುವುದು ಹಾಡಿನಲ್ಲೂ ಅಲ್ಲ, ಮಾತಿನಲ್ಲೂ ಅಲ್ಲ. ಮಾತು ಹಾಡಾಗುವ ಸಂಧಿಯಲ್ಲಿ. ಆಡುತ್ತಿರುವ ಮಾತು ಇನ್ನು ಸಾಲದೆಂದಾದಾಗ ಪಾತ್ರ ಹಾಡಿಗೆ ಹೊರಳುತ್ತದೆ. ಆ ಹೊರಳಿಗೆ ಕಾರಣ ಕಾಣದಿದ್ದರೆ ಎಷ್ಟೇ ಇಂಪಾದ ಹಾಡಾದರೂ ನಾಟಕದೊಳಗೆ ಸೇರದೆ ಉಳಿಯುತ್ತದೆ. ಜನಪ್ರಿಯ ಗಾಯಕರನ್ನು ನೇರಪ್ರಸಾರದ ನಾಟಕಗಳಿಗೆ ಕರೆತಂದ ಪ್ರಯೋಗಗಳನ್ನು ಈ ಸಂಧಿಯ ದೃಷ್ಟಿಯಿಂದ ಪರಿಶೀಲಿಸಿದರೆ ಕೆಲವು ಗೆದ್ದುದಕ್ಕೂ ಕೆಲವು ಸೊರಗಿದುದಕ್ಕೂ ಕಾರಣ ಸ್ಪಷ್ಟವಾಗುತ್ತದೆ. ಕನ್ನಡದ ಗಡಿಸೀಮೆಗಳ ರಂಗಪರಂಪರೆಯನ್ನು ಬಲ್ಲವರಿಗೆ ಈ ಪ್ರಶ್ನೆ ಅಪರಿಚಿತವೂ ಅಲ್ಲ.

ಮೊದಲು ‘ಜನಪ್ರಿಯ ಗಾಯಕರು ನಟಿಸಲಾರರು’ ಎಂಬ ನಂಬಿಕೆಯನ್ನೇ ನೋಡೋಣ. ಕಂಟ್ರಿ ಸಂಗೀತ ಮೂಲತಃ ಕಥನಗೀತೆಯ ಪರಂಪರೆ. ಅಂಡರ್‌ವುಡ್ ಅವರಿಗೆ ಖ್ಯಾತಿ ತಂದ ‘ಬಿಫೋರ್ ಹೀ ಚೀಟ್ಸ್’ ಹಾಡಿನಲ್ಲಿ ಮಾತಾಡುವವಳು ವಂಚಿತಳಾದ ಒಬ್ಬ ಹೆಣ್ಣು. ಅವಳ ಸಿಟ್ಟು, ವ್ಯಂಗ್ಯ, ಸೇಡು ಎಲ್ಲವೂ ಕಂಠದಲ್ಲೇ ರೂಪು ತಳೆಯುತ್ತವೆ. ಮೂರು ನಿಮಿಷಗಳ ಅವಧಿಯಲ್ಲಿ ಗಾಯಕಿ ಒಂದು ಪಾತ್ರವನ್ನು ಸಂಪೂರ್ಣವಾಗಿ ವಹಿಸುತ್ತಾರೆ. ಇದನ್ನು ಅಭಿನಯವಲ್ಲವೆಂದು ಹೇಳಲಾಗದು. ಆದರೆ ಆ ಅಭಿನಯಕ್ಕೆ ಎರಡು ಅನುಕೂಲಗಳಿವೆ. ಹಾಡು ಆರಂಭವಾಗುವಾಗಲೇ ಪಾತ್ರ ಸಿದ್ಧವಾಗಿರುತ್ತದೆ. ಅದಕ್ಕೆ ಮೊದಲು ಆಡಬೇಕಾದ ಮಾತಿಲ್ಲ. ಎರಡನೆಯದಾಗಿ, ಹಾಡು ಕೇಳುಗರನ್ನೇ ನೇರವಾಗಿ ಉದ್ದೇಶಿಸಿದ್ದು. ಎದುರಿಗೆ ನಿಂತು ಉತ್ತರಿಸುವ ಮತ್ತೊಂದು ಪಾತ್ರವಿಲ್ಲ. ಧ್ವನಿವರ್ಧಕದೊಂದಿಗೆ ಹುಟ್ಟಿ ಬೆಳೆದ ಜನಪ್ರಿಯ ಗಾಯನ ಕಿವಿಯ ಹತ್ತಿರ ಬಂದು ಒಬ್ಬರಿಗೇ ಹೇಳುವ ಆಪ್ತತೆಯನ್ನು ಸಾಧಿಸಿದೆ. ನಾಟಕದ ಹಾಡಾದರೋ ಒಂದು ಪಾತ್ರ ಮತ್ತೊಂದು ಪಾತ್ರಕ್ಕೆ ಹೇಳುವಂಥದು. ಪ್ರೇಕ್ಷಕರು ಅದನ್ನು ಬದಿಯಲ್ಲಿ ನಿಂತು ಕೇಳಿಸಿಕೊಳ್ಳುವವರು.

ಮಾರಿಯಾಳ ಪಾತ್ರಕ್ಕೆ ಈ ವ್ಯತ್ಯಾಸ ನಿರ್ಣಾಯಕ. ಅವಳು ಮಠದಲ್ಲಿ ಹೊಂದಿಕೊಳ್ಳಲಾಗದ ಹುಡುಗಿ. ಏಳು ಮಕ್ಕಳಿಗೆ ಸಂಗೀತದ ಮೊದಲ ಸ್ವರಗಳನ್ನು ಕಲಿಸುವವಳು. ಕಲಿಸುತ್ತಲೇ ತನ್ನನ್ನು ತಾನು ಕಂಡುಕೊಳ್ಳುವವಳು. ಅವಳ ಹಾಡುಗಳು ಪ್ರದರ್ಶನಗಳಲ್ಲ. ಹೆದರಿಕೆಯನ್ನು ಓಡಿಸಲು, ಮಕ್ಕಳ ಮೌನವನ್ನು ಮುರಿಯಲು, ತಿಳಿಯದುದನ್ನು ತಿಳಿಯಲು ಅವಳು ಹಾಡುತ್ತಾಳೆ. ಆಕೆಯ ದನಿ ಹಾಡಿನ ಮೊದಲಲ್ಲಿ ಇದ್ದಂತೆ ಕೊನೆಯಲ್ಲಿರಬಾರದು. ಅಂಡರ್‌ವುಡ್ ಅವರ ದನಿಯಾದರೋ ಮೊದಲ ಸಾಲಿನಲ್ಲೇ ಪರಿಪೂರ್ಣವಾಗಿ ಬಂದು ನಿಲ್ಲುತ್ತದೆ. ಅದು ಶುದ್ಧ, ಬಲಿಷ್ಠ, ನಿಶ್ಚಿತ. ಮಾತಿನಲ್ಲಿ ಅಳುಕುತ್ತಿದ್ದ ಮಾರಿಯಾ ಹಾಡಿನಲ್ಲಿ ಥಟ್ಟನೆ ವಿಶ್ವಾಸದ ಶಿಖರದಲ್ಲಿರುತ್ತಾಳೆ. ಹಾಡು ಮುಗಿದೊಡನೆ ಮತ್ತೆ ಕೆಳಗಿಳಿಯುತ್ತಾಳೆ. ಏರುವ ದಾರಿಯೂ ಇಳಿಯುವ ದಾರಿಯೂ ಕಾಣುವುದಿಲ್ಲ. ನೋಡುಗರು ‘ನಟನೆ ಬರುವುದಿಲ್ಲ’ ಎಂದು ಗುರುತಿಸಿದ್ದು ವಾಸ್ತವವಾಗಿ ಈ ಬಿರುಕನ್ನು.

ಅಂಡರ್‌ವುಡ್ ಅವರ ಮೇಲೆ ಬಿದ್ದ ಮತ್ತೊಂದು ಹೊರೆಯೆಂದರೆ 1965ರ ಚಲನಚಿತ್ರದ ನೆನಪು. ಜನರ ಮನಸ್ಸಿನಲ್ಲಿದ್ದುದು ಜೂಲಿ ಆಂಡ್ರ್ಯೂಸ್. ಎನ್‌ಬಿಸಿ ಪ್ರಸಾರ ಮಾಡಿದ್ದು ಮುಖ್ಯವಾಗಿ 1959ರ ರಂಗಪಠ್ಯ. ಅದರಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಗುಡುಗಿನ ರಾತ್ರಿ ಮಕ್ಕಳ ಜೊತೆ ಹಾಡುವ ಹಾಡಲ್ಲ. ಮಠದಲ್ಲಿ ಹಿರಿಯ ಸಂನ್ಯಾಸಿನಿಯೊಡನೆ ಹಾಡುವ ಹಾಡು. ಚಲನಚಿತ್ರ ಕೈಬಿಟ್ಟಿದ್ದ ಎಲ್ಸಾ ಮತ್ತು ಮ್ಯಾಕ್ಸ್‌ರ ವ್ಯಂಗ್ಯದ ಹಾಡುಗಳು ಇದರಲ್ಲಿದ್ದವು. ಪಠ್ಯಗಳೇ ಬೇರೆಯಾದರೂ ಹೋಲಿಕೆ ಮಾತ್ರ ತಪ್ಪಲಿಲ್ಲ. ಆ ಹೋಲಿಕೆಯಲ್ಲಿ ಮರೆತುಹೋದ ಒಂದು ಸಂಗತಿ ಬಹಳ ಮುಖ್ಯವಾದುದು. ಚಲನಚಿತ್ರದಲ್ಲಿ ಆಂಡ್ರ್ಯೂಸ್ ಸ್ವತಃ ಹಾಡಿದರು, ನಿಜ. ಆದರೆ ಕ್ಯಾಪ್ಟನ್ ಪಾತ್ರದ ಕ್ರಿಸ್ಟೊಫರ್ ಪ್ಲಮರ್ ಅವರ ಹಾಡುಗಳಿಗೆ ದನಿ ಕೊಟ್ಟವರು ಬಿಲ್ ಲೀ. ಹಿರಿಯ ಸಂನ್ಯಾಸಿನಿಯಾಗಿ ನಟಿಸಿದ ಪೆಗಿ ವುಡ್ ಅವರ ಹಾಡೂ ಬೇರೊಬ್ಬ ಗಾಯಕಿಯದು. ಅದೇ ಚಿತ್ರದಲ್ಲಿ ಸಣ್ಣ ಪಾತ್ರವೊಂದರಲ್ಲಿ ಕಾಣಿಸಿಕೊಂಡ ಮಾರ್ನಿ ನಿಕ್ಸನ್ ಅದಕ್ಕೂ ಹಿಂದೆ ಡೆಬೊರಾ ಕೆರ್, ನಟಾಲಿ ವುಡ್, ಆಡ್ರೆ ಹೆಪ್‌ಬರ್ನ್ ಅವರಿಗೆ ತೆರೆಮರೆಯಲ್ಲಿ ದನಿಯಾಗಿದ್ದವರು. ‘ಮೈ ಫೇರ್ ಲೇಡಿ’ ರಂಗದ ಮೇಲೆ ಗೆದ್ದದ್ದು ಆಂಡ್ರ್ಯೂಸ್ ಅವರಿಂದ. ಚಿತ್ರವಾದಾಗ ಆ ಪಾತ್ರ ದೊರೆತದ್ದು ಹೆಪ್‌ಬರ್ನ್ ಅವರಿಗೆ, ದನಿ ನಿಕ್ಸನ್ ಅವರದು. ಹೆಸರಿಗಾಗಿ ಪಾತ್ರ ಕೊಡುವ ಪದ್ಧತಿ ದೂರದರ್ಶನ ಕಂಡುಹಿಡಿದದ್ದಲ್ಲ.

ಅಂದರೆ ಪಾಶ್ಚಾತ್ಯ ಸಂಗೀತಚಿತ್ರ ದನಿಯನ್ನೂ ದೇಹವನ್ನೂ ಬೇರ್ಪಡಿಸಿ, ಮತ್ತೆ ಹೊಲಿದು, ಹೊಲಿಗೆ ಕಾಣದಂತೆ ಮಾಡುವ ಕಲೆಯನ್ನು ಕಲಿತಿತ್ತು. ನೇರಪ್ರಸಾರದಲ್ಲಿ ಆ ಸೌಲಭ್ಯವಿಲ್ಲ. ದನಿಯನ್ನು ಎರವಲು ತರಲಾಗದ ಸ್ಥಿತಿಯಲ್ಲಿ ನಿರ್ಮಾಪಕರು ನಟಿಯನ್ನು ಆರಿಸಿ ಗಾಯನದಲ್ಲಿ ಸ್ವಲ್ಪ ಬಿಟ್ಟುಕೊಡಬಹುದು; ಗಾಯಕಿಯನ್ನು ಆರಿಸಿ ಅಭಿನಯದಲ್ಲಿ ಬಿಟ್ಟುಕೊಡಬಹುದು; ಇಲ್ಲವೇ ಎರಡರಲ್ಲೂ ಪಳಗಿದ, ಆದರೆ ಹೊರಗೆ ಅಷ್ಟಾಗಿ ಹೆಸರಿಲ್ಲದ ರಂಗಕಲಾವಿದೆಯನ್ನು ಆರಿಸಬಹುದು. ಮೂರನೆಯ ದಾರಿ ಕೈಗೆಟುಕುವಷ್ಟು ಹತ್ತಿರವಿತ್ತು. ಆ ರಾತ್ರಿ ಎಲ್ಸಾಳ ಪಾತ್ರ ವಹಿಸಿದ ಲಾರಾ ಬೆನಾಂಟಿ 1998ರ ಬ್ರಾಡ್‌ವೇ ಮರುಪ್ರಯೋಗದಲ್ಲಿ ಮಾರಿಯಾಳ ಬದಲಿ ಕಲಾವಿದೆಯಾಗಿ ಸೇರಿ, ಮುಂದೆ ಆ ಪಾತ್ರವನ್ನೇ ವಹಿಸಿಕೊಂಡವರು. ಮಾರಿಯಾಳನ್ನು ಒಳಗಿನಿಂದ ಬಲ್ಲ ಕಲಾವಿದೆ, ಕ್ಯಾಪ್ಟನ್‌ನ ಮನಸ್ಸಿನಿಂದ ಜಾರಿಹೋಗುವ ಎಲ್ಸಾಳಾಗಿ ಪಕ್ಕದಲ್ಲಿ ನಿಂತಿದ್ದರು. ಅವರ ಎಲ್ಸಾ ಸೊಗಸಾಗಿದ್ದಳು. ಮಾತಿನಿಂದ ಹಾಡಿಗೆ ಜಾರುವಾಗ ಹೊಸಿಲು ಕಾಣಿಸಲಿಲ್ಲ. ಮ್ಯಾಕ್ಸ್ ಆಗಿದ್ದ ಕ್ರಿಶ್ಚಿಯನ್ ಬೋರ್ಲ್ ಅವರದೂ ಅಂಥದೇ ಪಳಗಿದ ಕೆಲಸ. ವಿಚಿತ್ರವೆಂದರೆ ನಾಯಕಿಯನ್ನು ಕಾಪಾಡಲೆಂದು ಸುತ್ತ ನಿಲ್ಲಿಸಿದ ಈ ಸಮರ್ಥರೇ ಅವಳ ಕೊರತೆಗೆ ಅಳತೆಗೋಲಾದರು.

ಆದರೂ ಈ ಪ್ರಯೋಗದಲ್ಲಿ ಅಂಡರ್‌ವುಡ್ ಪಾತ್ರವಾಗಿ ಬೆಳಗಿದ ಒಂದು ಘಳಿಗೆಯಿದೆ. ಹಿರಿಯ ಸಂನ್ಯಾಸಿನಿಯಾಗಿ ಆಡ್ರಾ ಮ್ಯಾಕ್‌ಡೊನಾಲ್ಡ್ ‘ಕ್ಲೈಂಬ್ ಎವ್ರಿ ಮೌಂಟನ್’ ಹಾಡುತ್ತಾರೆ. ಅಷ್ಟುಹೊತ್ತಿಗೆ ಐದು ಟೋನಿ ಪ್ರಶಸ್ತಿಗಳನ್ನು ಪಡೆದಿದ್ದ ಅವರು ಆ ಹಾಡನ್ನು ಉಪದೇಶದಂತಲ್ಲದೆ, ಎದುರಿಗಿರುವ ಹುಡುಗಿಯನ್ನು ಒಂದೊಂದೇ ಹೆಜ್ಜೆ ಹೊರಗೆ ಕಳುಹಿಸುವ ಕ್ರಿಯೆಯಂತೆ ಹಾಡಿದರು. ಕೇಳುತ್ತ ನಿಂತ ಅಂಡರ್‌ವುಡ್ ಅವರ ಕಣ್ಣುಗಳು ತುಂಬಿಕೊಂಡವು. ಇಲ್ಲಿ ಅವರು ಹಾಡಬೇಕಾಗಿರಲಿಲ್ಲ, ಕೇಳುತ್ತಿದ್ದರು ಅಷ್ಟೆ. ಜನಪ್ರಿಯ ಗಾಯಕಿಗೆ ವೇದಿಕೆಯಲ್ಲಿ ಎಂದೂ ಒದಗದ ಅವಸ್ಥೆಯದು: ಇನ್ನೊಬ್ಬರ ಹಾಡಿಗೆ ಪಾತ್ರವಾಗಿ ಒಡ್ಡಿಕೊಳ್ಳುವುದು. ಮೂರು ಗಂಟೆಗಳ ಪ್ರಸಾರದಲ್ಲಿ ಮಾರಿಯಾ ನಿಜವಾಗಿ ಹುಟ್ಟಿದ್ದು ಅಲ್ಲಿ. ಅಂಡರ್‌ವುಡ್ ಅವರಲ್ಲಿ ನಟಿ ಇಲ್ಲವೆಂದು ಯಾರಾದರೂ ಹೇಳುವುದಾದರೆ ಈ ದೃಶ್ಯವನ್ನು ಮರೆತು ಹೇಳಬೇಕಾಗುತ್ತದೆ. ಇಲ್ಲದಿದ್ದುದು ನಟಿಯಲ್ಲ, ಆ ನಟಿಯನ್ನು ಹೊರತರಲು ಬೇಕಾದ ದೀರ್ಘ ಅಭ್ಯಾಸ ಮತ್ತು ಸಂಜೆ ಸಂಜೆಯೂ ಆಡಿ ತಿದ್ದಿಕೊಳ್ಳುವ ಅವಕಾಶ. ರಂಗದ ಮೇಲೆ ನೂರು ಪ್ರಯೋಗಗಳಲ್ಲಿ ಪಕ್ವವಾಗುವುದನ್ನು ದೂರದರ್ಶನ ಒಂದೇ ರಾತ್ರಿಯಲ್ಲಿ ಬೇಡಿತು.

ಗಾಯಕರ ಆಯ್ಕೆ ಯಾವಾಗಲೂ ಇದೇ ಫಲವನ್ನು ಕೊಡುವುದಿಲ್ಲವೆಂಬುದಕ್ಕೆ 2018ರ ಏಪ್ರಿಲ್ 1ರಂದು, ಈಸ್ಟರ್ ಭಾನುವಾರ, ಅದೇ ವಾಹಿನಿಯಲ್ಲಿ ಬಂದ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಸಾಕ್ಷಿ. ಜೀಸಸ್ ಆಗಿ ಜಾನ್ ಲೆಜೆಂಡ್, ಮೇರಿ ಮ್ಯಾಗ್ಡಲೀನ್ ಆಗಿ ಸಾರಾ ಬರೇಲಿಸ್, ಹೆರೋದನಾಗಿ ರಾಕ್ ಗಾಯಕ ಆಲಿಸ್ ಕೂಪರ್. ಪ್ರಸಾರ ನಡೆದದ್ದು ಬ್ರೂಕ್ಲಿನ್‌ನ ಹಳೆಯ ಸೈನಿಕ ಕಟ್ಟಡವೊಂದರಲ್ಲಿ, ಪ್ರೇಕ್ಷಕರ ನಡುವೆ. ಈ ಕೃತಿ ಮೊದಲು ರಂಗಕ್ಕೆ ಬಂದದ್ದಲ್ಲ. 1970ರಲ್ಲಿ ಧ್ವನಿಮುದ್ರಿಕೆಯಾಗಿ ಬಂದು, ಮರುವರ್ಷ ಬ್ರಾಡ್‌ವೇ ಏರಿತು. ಆ ಮುದ್ರಿಕೆಯಲ್ಲಿ ಜೀಸಸ್‌ನ ದನಿ ‘ಡೀಪ್ ಪರ್ಪಲ್’ ತಂಡದ ಇಯಾನ್ ಗಿಲನ್ ಅವರದು. ಇದರಲ್ಲಿ ಆಡುಮಾತು ಇಲ್ಲವೆಂದೇ ಹೇಳಬೇಕು. ಆದಿಯಿಂದ ಅಂತ್ಯದವರೆಗೆ ಎಲ್ಲವೂ ಹಾಡು. ಮಾತು ಹಾಡಾಗುವ ಸಂಧಿಯೇ ಇಲ್ಲದ ಕಡೆ ಅದನ್ನು ದಾಟುವ ಕಷ್ಟವೂ ಇಲ್ಲ. ಮೇಲಾಗಿ ಕೃತಿಯ ವಸ್ತುವೇ ಜನಸ್ತೋಮವು ಒಬ್ಬನನ್ನು ತಾರೆಯಾಗಿಸಿ ಮತ್ತೆ ಕೆಳಗೆಳೆಯುವುದು. ಲೆಜೆಂಡ್ ಮೊದಲು ರಂಗಕ್ಕೆ ಬಂದಾಗ ಸುತ್ತ ನೆರೆದವರ ಕೂಗು ಪಾತ್ರಕ್ಕೆ ಸಂದದ್ದೋ ಗಾಯಕರಿಗೆ ಸಂದದ್ದೋ ಬೇರ್ಪಡಿಸಲಾಗುವುದಿಲ್ಲ, ಬೇರ್ಪಡಿಸಬೇಕಾಗಿಯೂ ಇಲ್ಲ.

ಹಾಗೆಂದು ಲೆಜೆಂಡ್ ಅವರ ಜೀಸಸ್ ನಿರ್ದೋಷವಲ್ಲ. ಗಿಲನ್ ಅವರಿಂದ ಬಂದ ಆರ್ತನಾದದ ಮಾದರಿಯನ್ನು ಅವರ ಮೃದುವಾದ ಸೋಲ್ ಕಂಠ ಒಗ್ಗಿಸಿಕೊಳ್ಳಲಾರದು. ಗೆತ್ಸೆಮನೆಯ ಏಕಾಂತದಲ್ಲಿ ದೇವರೊಡನೆ ಜಗಳವಾಡಬೇಕಾದವನು ಅಲ್ಲಿ ವಿನಂತಿಸುತ್ತಿರುವಂತೆ ಕೇಳಿಸುತ್ತದೆ. ಆ ರಾತ್ರಿಯ ನಾಟಕವನ್ನು ಹೊತ್ತವರು ಯೂದಾಸನಾಗಿದ್ದ ಬ್ರ್ಯಾಂಡನ್ ವಿಕ್ಟರ್ ಡಿಕ್ಸನ್. ‘ಹ್ಯಾಮಿಲ್ಟನ್’ನಲ್ಲಿ ಆರನ್ ಬರ್ ಆಗಿದ್ದ ಈ ರಂಗನಟ ಪ್ರತಿ ಸಾಲನ್ನೂ ಎದುರಿನ ವ್ಯಕ್ತಿಗೆ ಎಸೆದ ಪ್ರಶ್ನೆಯಂತೆ ಹಾಡಿದರು. ಬರೇಲಿಸ್ ಅವರ ಉದಾಹರಣೆ ಇನ್ನೂ ಬೋಧಪ್ರದ. ಅವರೂ ಜನಪ್ರಿಯ ಗಾಯಕಿಯೇ. ಆದರೆ ಅದಕ್ಕೂ ಮೊದಲು ‘ವೇಟ್ರೆಸ್’ ಎಂಬ ಬ್ರಾಡ್‌ವೇ ನಾಟಕಕ್ಕೆ ಗೀತ-ಸಂಗೀತ ರಚಿಸಿ, ಅದರ ನಾಯಕಿಯಾಗಿ ರಂಗದ ಮೇಲೆ ದುಡಿದಿದ್ದರು. ಅವರ ಮೇರಿಯ ಹಾಡಿನಲ್ಲಿ ಗೊಂದಲ ಹಾಡಿನೊಳಗೇ ಬೆಳೆಯುತ್ತದೆ. ಗಾಯಕಿ ಮತ್ತು ನಟಿ ಎಂಬ ಎರಡು ಜಾತಿಗಳಿಲ್ಲ, ರಂಗದ ಅಭ್ಯಾಸ ಉಂಟೋ ಇಲ್ಲವೋ ಎಂಬ ಒಂದೇ ಪ್ರಶ್ನೆಯಿದೆಯೆಂಬುದನ್ನು ಇದು ತೋರಿಸುತ್ತದೆ.

2015ರ ಡಿಸೆಂಬರ್ 3ರ ‘ದಿ ವಿಜ಼್’ ಮತ್ತೊಂದು ವ್ಯವಸ್ಥೆಯನ್ನು ಪ್ರಯತ್ನಿಸಿತು. ನಾಯಕಿ ಡೊರೊಥಿಯ ಪಾತ್ರ ಬಹಿರಂಗ ಆಯ್ಕೆಯಲ್ಲಿ ಬಂದ ಹತ್ತೊಂಬತ್ತರ ಹೊಸಬಳಾದ ಶನೀಸ್ ವಿಲಿಯಮ್ಸ್ ಅವರಿಗೆ ಹೋಯಿತು. ಹೆಸರಾಂತ ಗಾಯಕರು ಸುತ್ತಣ ಪಾತ್ರಗಳಲ್ಲಿದ್ದರು: ಮೇರಿ ಜೆ. ಬ್ಲೈಜ್ ದುಷ್ಟ ಮಾಟಗಾತಿ, ನೀ-ಯೋ ತಗಡಿನ ಮನುಷ್ಯ. 1975ರ ಮೂಲ ಪ್ರಯೋಗದಲ್ಲಿ ಡೊರೊಥಿಯಾಗಿದ್ದ ಸ್ಟೆಫನಿ ಮಿಲ್ಸ್ ಈಗ ಅವಳ ಚಿಕ್ಕಮ್ಮ. ಈ ಜೋಡಣೆಯ ವಿವೇಕ ಮೆಚ್ಚತಕ್ಕದ್ದು. ಒಂದೆರಡು ದೃಶ್ಯಗಳಲ್ಲಿ ಬಂದು ಒಂದು ಹಾಡಿನಿಂದ ರಂಗವನ್ನು ನಡುಗಿಸಿ ಹೋಗುವ ಮಾಟಗಾತಿಗೆ ಸಿದ್ಧವಾದ, ಬಲಿಷ್ಠವಾದ ದನಿಯೇ ಬೇಕು. ದಾರಿಯುದ್ದಕ್ಕೂ ಬೆಳೆಯಬೇಕಾದ ಹುಡುಗಿಗೆ ಇನ್ನೂ ಬೆಳೆಯುತ್ತಿರುವ ಕಲಾವಿದೆ ಬೇಕು. ಪಾತ್ರ ಹೇಗೆ ರಚಿತವಾಗಿದೆಯೋ ಅದಕ್ಕೆ ತಕ್ಕಂತೆ ಖ್ಯಾತಿಯನ್ನು ಹಂಚಿದ ಕ್ರಮವಿದು. ಇದನ್ನು 1 ಕೋಟಿ 15 ಲಕ್ಷದಷ್ಟು ಜನ ನೋಡಿದರು. ಅಂಡರ್‌ವುಡ್ ತಂದ ಸಂಖ್ಯೆಗಿಂತ ಕಡಿಮೆ ನಿಜ; ಆದರೆ ಹೊಸಬಳೊಬ್ಬಳು ನಡುವೆ ನಿಂತ ನಾಟಕಕ್ಕೆ ಸಣ್ಣದಲ್ಲ.

ಸಂಖ್ಯೆಗಳ ಮಾತು ಬಂದಾಗ ಅವು ಎಷ್ಟು ಹೇಳುತ್ತವೆಂಬುದನ್ನೂ ಅಳೆಯಬೇಕು. ನೇರಪ್ರಸಾರದ ಸಂಗೀತನಾಟಕ ಹೊಸತಲ್ಲ. 1957ರ ಮಾರ್ಚ್ 31ರಂದು ಸಿಬಿಎಸ್ ವಾಹಿನಿ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ದೂರದರ್ಶನಕ್ಕೆಂದೇ ಬರೆದ ‘ಸಿಂಡರೆಲ್ಲಾ’ವನ್ನು ಜೂಲಿ ಆಂಡ್ರ್ಯೂಸ್ ಅವರೊಂದಿಗೆ ಪ್ರಸಾರ ಮಾಡಿದಾಗ ಹತ್ತು ಕೋಟಿಗೂ ಹೆಚ್ಚು ಜನ ನೋಡಿದರೆಂಬ ಅಂದಾಜಿದೆ. ಆಗ ತಾರೆ ರಂಗಭೂಮಿಯಿಂದಲೇ ದೂರದರ್ಶನಕ್ಕೆ ಬಂದಿದ್ದರು. ಅರ್ಧ ಶತಮಾನದ ಬಳಿಕ ದಿಕ್ಕು ತಿರುಗಿತು: ದೂರದರ್ಶನವೇ ಒಂದು ಸ್ಪರ್ಧೆಯ ಮೂಲಕ ತಾರೆಯನ್ನು ಸೃಷ್ಟಿಸಿ, ಆ ತಾರೆಯ ಬಲದಿಂದ ರಂಗಭೂಮಿಯನ್ನು ಮನೆಮನೆಗೆ ಕೊಂಡೊಯ್ದಿತು. 2013ರ ಯಶಸ್ಸನ್ನು ಮುಂದಿನವು ಉಳಿಸಿಕೊಳ್ಳಲಿಲ್ಲ. 2014ರ ‘ಪೀಟರ್ ಪ್ಯಾನ್’ ನೋಡಿದವರು ಸುಮಾರು 92 ಲಕ್ಷ. ಅರಿಯಾನಾ ಗ್ರಾಂಡೆ, ಜೆನಿಫರ್ ಹಡ್ಸನ್ ಇದ್ದ 2016ರ ‘ಹೇರ್‌ಸ್ಪ್ರೇ’ ನೋಡಿದವರು ಸುಮಾರು 90 ಲಕ್ಷ. ಹೆಸರು ಮೊದಲ ಸಲ ಬಾಗಿಲು ತೆರೆಯಬಲ್ಲುದು. ಒಳಗೆ ಬಂದವರನ್ನು ಕೂರಿಸುವುದು ಹೆಸರಿನ ಕೆಲಸವಲ್ಲ.

2019ರ ಜನವರಿ 27ರಂದು ಫಾಕ್ಸ್ ವಾಹಿನಿಯ ‘ರೆಂಟ್’ ಪ್ರಸಾರದಲ್ಲಿ ಈ ವ್ಯವಸ್ಥೆಯ ದುರ್ಬಲ ಭಾಗ ಎಲ್ಲರಿಗೂ ಕಂಡಿತು. ಹಿಂದಿನ ರಾತ್ರಿಯ ಕೊನೆಯ ತಾಲೀಮಿನಲ್ಲಿ ರೋಜರ್ ಪಾತ್ರಧಾರಿ ಗಾಯಕ ಬ್ರೆನಿನ್ ಹಂಟ್ ಅವರ ಪಾದ ಮುರಿಯಿತು. ಅವರ ಬದಲಿಗೆ ನಿಲ್ಲಲು ಸಿದ್ಧರಾದ ಕಲಾವಿದರಿರಲಿಲ್ಲ. ವಾಹಿನಿ ಹಿಂದಿನ ರಾತ್ರಿ ಚಿತ್ರಿಸಿಕೊಂಡಿದ್ದ ತಾಲೀಮನ್ನೇ ಬಹುಮಟ್ಟಿಗೆ ತೋರಿಸಿ, ಕೊನೆಯ ಭಾಗವನ್ನಷ್ಟೇ ನೇರವಾಗಿ ನೀಡಿತು. ರಂಗಭೂಮಿಯಲ್ಲಿ ಬದಲಿ ಕಲಾವಿದ ಒಂದು ಐಷಾರಾಮವಲ್ಲ. ನಾಟಕ ಒಬ್ಬ ವ್ಯಕ್ತಿಗಿಂತ ದೊಡ್ಡದು ಎಂಬ ನಂಬಿಕೆಯ ಸಾಂಸ್ಥಿಕ ರೂಪ. ಬೆನಾಂಟಿ ಮಾರಿಯಾ ಆದದ್ದೂ ಆ ವ್ಯವಸ್ಥೆಯಿಂದಲೇ. ಹೆಸರನ್ನು ನಂಬಿ ನಡೆಯುವ ಪ್ರಸಾರಕ್ಕೆ ಬದಲಿ ಎಂಬ ಕಲ್ಪನೆಯೇ ಒಗ್ಗದು. ಹೆಸರಿಗೆ ಬದಲಿ ಎಲ್ಲಿಂದ ಬಂದೀತು?

ಇಷ್ಟನ್ನು ಅಮೆರಿಕದ ಉದ್ಯಮದ ಒಳಗಿನ ಲೆಕ್ಕವೆಂದು ಬದಿಗಿಡಬಹುದಿತ್ತು, ಗಡಿಸೀಮೆಗಳ ನಮ್ಮ ರಂಗಪರಂಪರೆಗಳಲ್ಲಿ ದನಿ-ದೇಹಗಳ ಸಂಬಂಧ ಬೇರೆ ಬೇರೆ ರೀತಿಯಲ್ಲಿ ಇತ್ಯರ್ಥವಾಗದೆ ಇದ್ದಿದ್ದರೆ. ಕುಂಬಳೆಯ ಪಾರ್ತಿಸುಬ್ಬನ ನಾಡಾದ ಕಾಸರಗೋಡಿನ ತೆಂಕುತಿಟ್ಟಿನಲ್ಲಿ ಹಾಡುವವರು ಭಾಗವತರು. ಕುಣಿದು ಅರ್ಥ ಹೇಳುವವರು ವೇಷಧಾರಿಗಳು. ಪದ ಮುಗಿದಲ್ಲಿ ಅರ್ಥ ಹುಟ್ಟುತ್ತದೆ. ಮಾತು-ಹಾಡುಗಳ ಸಂಧಿ ಒಬ್ಬರ ಗಂಟಲಿನಲ್ಲಿಲ್ಲ, ಇಬ್ಬರು ಕಲಾವಿದರ ನಡುವಿನ ಒಪ್ಪಂದದಲ್ಲಿದೆ. ಚಲನಚಿತ್ರ ಬಚ್ಚಿಟ್ಟ ಹೊಲಿಗೆಯನ್ನು ಯಕ್ಷಗಾನ ಬಹಿರಂಗವಾಗಿಯೇ ಇಟ್ಟು ಅದರಿಂದ ರಸವನ್ನು ಪಡೆಯಿತು. ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ದ್ವಿಭಾಷಿಕರಿಗೆ ಪರಿಚಿತವಾದ ಸಂಗೀತನಾಟಕ ಇದಕ್ಕೆ ವಿರುದ್ಧ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ‘ಶಾಕುಂತಲ’ವನ್ನು ಆಡಿಸಿದಾಗ ಪಾತ್ರಧಾರಿಗಳೇ ಹಾಡಿದರು. ಮುಂದೆ ಬಾಲಗಂಧರ್ವರ ಕಾಲಕ್ಕೆ ಪ್ರೇಕ್ಷಕರು ‘ಒನ್ಸ್ ಮೋರ್’ ಕೂಗಿ ಒಂದೇ ಪದವನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಅಷ್ಟು ಹೊತ್ತು ಶಕುಂತಲೆಯೋ ಸುಭದ್ರೆಯೋ ಕಾದಿರಬೇಕಾಗುತ್ತಿತ್ತು. ಗಾಯಕನನ್ನು ಕೇಳಲು ಬಂದವರು ನಾಟಕವನ್ನು ನಿಲ್ಲಿಸುವ ಪ್ರಸಂಗ ನಮಗೆ ಹೊಸದಲ್ಲ. ಆದರೆ ಬಾಲಗಂಧರ್ವರು ಹೊರಗಿನಿಂದ ಬಂದ ಹೆಸರಾಗಿರಲಿಲ್ಲ. ಅದೇ ರಂಗ ಬೆಳೆಸಿದ ಹೆಸರು. ತಾಳವಾಡಿ ಸೀಮೆಯ ಗಾಜನೂರಿನ ರಾಜಕುಮಾರ್ ಅವರೂ ಗುಬ್ಬಿ ಕಂಪನಿಯ ರಂಗದಲ್ಲಿ ಮಾತು-ಹಾಡು ಎರಡನ್ನೂ ಕಲಿತು ಆಮೇಲೆ ತೆರೆಗೆ ಹೋದವರು. ಖ್ಯಾತಿ ಅಭ್ಯಾಸದ ಫಲವಾಗಿತ್ತು, ಅದಕ್ಕೆ ಬದಲಿಯಾಗಿರಲಿಲ್ಲ.

ಇಂದು ಗಡಿಯಾಚೆಯ ಕನ್ನಡ ರಂಗತಂಡಗಳೂ ಮೇಳಗಳೂ ಅಂತರ್ಜಾಲದ ನೇರಪ್ರಸಾರಕ್ಕೆ ಬಂದಿವೆ. ನೋಡುಗರನ್ನು ಸೆಳೆಯಲು ಹೊರಗಿನ ಪ್ರಸಿದ್ಧರೊಬ್ಬರನ್ನು ಕರೆಸೋಣ ಎಂಬ ಸಲಹೆ ಸಂಘಟಕರ ಸಭೆಗಳಲ್ಲಿ ಸಹಜವಾಗಿ ಬರುತ್ತದೆ. ಹಣವೂ ಪ್ರೇಕ್ಷಕರೂ ಕಡಿಮೆಯಿರುವ ಭಾಷಿಕ ಅಲ್ಪಸಂಖ್ಯಾತರ ರಂಗಕ್ಕೆ ಈ ಸಲಹೆ ಆಕರ್ಷಕವೂ ಹೌದು, ಅಪಾಯಕಾರಿಯೂ ಹೌದು. ಎನ್‌ಬಿಸಿಯಂಥ ವಾಹಿನಿ ಒಂದು ತಪ್ಪು ಆಯ್ಕೆಯನ್ನು ಜಾಹೀರಾತಿನ ಹಣದಿಂದ ತುಂಬಿಕೊಂಡೀತು. ಊರಿನ ತಂಡವೊಂದು ವರ್ಷದ ಒಂದೇ ಪ್ರಯೋಗದ ನಡುವಿನ ಪಾತ್ರವನ್ನು ಅತಿಥಿಗೆ ಬಿಟ್ಟುಕೊಟ್ಟರೆ ಆ ವರ್ಷ ಬೆಳೆಯಬೇಕಾಗಿದ್ದ ಊರಿನ ಹುಡುಗಿಯೊಬ್ಬಳು ಬೆಳೆಯುವುದಿಲ್ಲ. ಅದನ್ನು ತುಂಬಿಕೊಡುವ ಜಾಹೀರಾತು ಇಲ್ಲ. ಅವಳು ಆಡುತ್ತಿದ್ದ ಊರಿನ ಕನ್ನಡವೂ ಅಷ್ಟರಮಟ್ಟಿಗೆ ರಂಗದಿಂದ ಹಿಂದೆ ಸರಿಯುತ್ತದೆ.

ಹಾಗಾದರೆ ಪ್ರಸಿದ್ಧರನ್ನು ಕರೆಯಲೇಬಾರದೆ? ಹಾಗೆ ಹೇಳುವುದು ‘ಗಾಯಕರು ನಟಿಸಲಾರರು’ ಎಂಬಷ್ಟೇ ಅವಸರದ ತೀರ್ಪಾದೀತು. ಮೇಲಿನ ಪ್ರಯೋಗಗಳಿಂದ ದೊರೆಯುವ ಅಳತೆಗಳು ಮೂರು. ಪಾತ್ರ ಸಿದ್ಧವಾದ ದನಿಯನ್ನು ಕೇಳುತ್ತದೆಯೋ, ನಾಟಕದುದ್ದಕ್ಕೂ ಬದಲಾಗುವ ದನಿಯನ್ನು ಕೇಳುತ್ತದೆಯೋ ಎಂಬುದು ಮೊದಲನೆಯದು. ಮಾಟಗಾತಿಗೆ ಬ್ಲೈಜ್ ಒಪ್ಪಿದಂತೆ ಮಾರಿಯಾಳಿಗೆ ಅಂಡರ್‌ವುಡ್ ಒಪ್ಪದಿರುವುದು ಈ ಕಾರಣಕ್ಕೆ. ಬಂದವರಿಗೆ ತಂಡದೊಡನೆ ಕೂತು ಕಲಿಯುವಷ್ಟು ದಿನಗಳಿವೆಯೇ ಎಂಬುದು ಎರಡನೆಯದು. ಬರೇಲಿಸ್ ಆ ದಿನಗಳನ್ನು ಮೊದಲೇ ರಂಗಕ್ಕೆ ತೆತ್ತಿದ್ದರು. ಅವರು ಬಾರದ ರಾತ್ರಿಯೂ ನಾಟಕ ನಡೆಯುವಂತೆ ಆ ಪಾತ್ರವನ್ನು ಬಲ್ಲ ಇನ್ನೊಬ್ಬರು ತಂಡದೊಳಗೆ ಇದ್ದಾರೆಯೇ ಎಂಬುದು ಮೂರನೆಯದು; ‘ರೆಂಟ್’ ಕಲಿಸಿದ ಪಾಠವಿದು. ಈ ಮೂರಕ್ಕೂ ಹೌದೆನ್ನಬಲ್ಲ ತಂಡ ಯಾವ ಹೆಸರನ್ನಾದರೂ ಧೈರ್ಯವಾಗಿ ಕರೆಯಬಹುದು. ಅತಿಥಿ ಹೊರಟುಹೋದ ಮೇಲೆ ಅದರ ರಂಗ ಬರಿದಾಗಿರುವುದಿಲ್ಲ.